ಯಾವ ಮರದ ಹಲಸು?

ಕಳೆದ ಬೇಸಿಗೆ ರಜೆಗೆ ಮುನ್ನ ನಮ್ಮ ಸಂಘದ ಬಳಗವು ದೋಹಾದಲ್ಲಿ ಕುಟುಂಬಸಮೇತ ಸೇರಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇವೆ. ಊಟದ ಮೇಜಿನ ಕೊನೆಯಲ್ಲಿ ತಟ್ಟೆಗಳ ತುಂಬ ಹಲಸಿನ ತೊಳೆಗಳನ್ನು ಜೋಡಿಸಿ, ‘ಊರಿನ ಹಲಸು’ ಎಂದು ಚೀಟಿ ಬರೆದು ಇಟ್ಟಿದ್ದರು. ಗುಬ್ಬಿ ಕಡೆಯವರಾದ ಹಿರಿಯ ಕಾರ್ಮಿಕರೊಬ್ಬರು ಒಂದು ತೊಳೆಯನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಬಡಿಸುತ್ತಿದ್ದ ಹುಡುಗನನ್ನು ಕೇಳಿದರು: “ಯಾವ ಮರದ್ದಪ್ಪ ಇದು?” ಸುತ್ತಲಿದ್ದ ಕೆಲವರು ನಕ್ಕರು. ಅಂಗಡಿಯಿಂದ ತಂದ ಹಣ್ಣಿಗೆ ಮರವನ್ನು ಕೇಳುವುದು ಎಂತಹ ಮುಗ್ಧತೆ ಎಂಬುದು ಆ ನಗೆಯ ಅರ್ಥ. ಅಂದು ನಕ್ಕವರಲ್ಲಿ ನಾವೂ ಇದ್ದೆವು. ನಕ್ಕವರು ತಪ್ಪು, ಕೇಳಿದವರು ಸರಿ ಎಂಬುದು ಇಂದು ನಮ್ಮ ವಾದ.

ಏಕೆ ಸರಿ ಎಂಬುದನ್ನು ನಾವು ಬದುಕುತ್ತಿರುವ ಈ ನೆಲದಿಂದಲೇ ನೋಡೋಣ. ಪ್ರತಿ ಬೇಸಿಗೆಯಲ್ಲಿ ಸೂಕ್ ವಾಕಿಫ್‌ನಲ್ಲಿ ಸ್ಥಳೀಯ ಖರ್ಜೂರದ ಮೇಳ ನಡೆಯುತ್ತದೆ. ಅಲ್ಲಿಗೆ ಹೋಗಿ ‘ಖರ್ಜೂರ ಕೊಡಿ’ ಎಂದು ಕೇಳಿ ನೋಡಿ. ಮಾರುವವರು ನಿಮ್ಮನ್ನು ಹೊಸಬರೆಂದು ಕೂಡಲೇ ಗುರುತಿಸುತ್ತಾರೆ. ಅಲ್ಲಿರುವುದು ಖಲಾಸ್, ಖನೈಜಿ, ಶೀಶಿ, ಬರ್ಹಿ. ಬರ್ಹಿಯನ್ನು ಇನ್ನೂ ಹಳದಿಯಾಗಿ, ಗರಿಗರಿಯಾಗಿ ಇರುವಾಗಲೇ ತಿನ್ನುವವರಿದ್ದಾರೆ. ಖಲಾಸ್ ಕಂದಿ ಮೃದುವಾಗಿ ಬೆಲ್ಲದ ಪಾಕದ ರುಚಿಗೆ ಬಂದಾಗಲೇ ಚೆನ್ನ. ಕತಾರಿನ ಮನೆಯಲ್ಲಿ ಗಹ್ವಾದೊಡನೆ ಖರ್ಜೂರವನ್ನು ಮುಂದಿಡುವ ಆತಿಥೇಯರು ತಳಿಯ ಹೆಸರನ್ನೂ, ಎಷ್ಟೋ ಸಲ ತೋಟದ ಹೆಸರನ್ನೂ ಹೇಳುತ್ತಾರೆ. ಮಳೆ ಅಪರೂಪವಾದ ಈ ದೇಶದಲ್ಲಿ ಒಂದು ಮರವನ್ನು ಉಳಿಸಿಕೊಂಡ ಜನ ಅದನ್ನು ಹೆಸರು ಹಿಡಿದು ಕರೆಯುತ್ತಾರೆ. ಮಳೆಗಾಲದ ನಾಡಿನಿಂದ ಬಂದ ನಾವು ‘ಹಲಸು’ ಎಂದು ಹೇಳಿ ಸುಮ್ಮನಾಗುತ್ತೇವೆ.

ಇನ್ನೊಂದು ಹಣ್ಣನ್ನು ನೋಡಿ. ಹೊರಮೈಯ ಮುಳ್ಳಿನಿಂದಾಗಿ ಜನರು ಹಲಸಿನೊಡನೆ ಸದಾ ಗೊಂದಲ ಮಾಡಿಕೊಳ್ಳುವ ಡುರಿಯನ್. ಇವೆರಡಕ್ಕೂ ಸಸ್ಯಶಾಸ್ತ್ರದಲ್ಲಿ ನಂಟಿಲ್ಲ; ಹಲಸು ಆಲ ಅತ್ತಿಗಳ ಕುಟುಂಬದ್ದು, ಡುರಿಯನ್ ದಾಸವಾಳ ಬೂರುಗಗಳ ಕುಟುಂಬದ್ದು. ಡುರಿಯನ್ನಿನ ವಾಸನೆ ಎಷ್ಟು ಪ್ರಖರವೆಂದರೆ ಸಿಂಗಪುರದ ಮೆಟ್ರೋ ರೈಲಿನಲ್ಲಿ ಅದನ್ನು ಒಯ್ಯಬಾರದೆಂಬ ಫಲಕಗಳಿವೆ. ಆದರೂ ಆ ಹಣ್ಣು ಜಗತ್ತಿನ ಪೇಟೆಗಳಲ್ಲಿ ತಲೆಯೆತ್ತಿ ನಿಂತಿರುವುದು ಹೆಸರಿನ ಬಲದಿಂದ. ಮಲೇಷಿಯಾದ ಕೆಲಾಂತನ್ ಪ್ರಾಂತದ ‘ಮುಸಾಂಗ್ ಕಿಂಗ್’ ಎಂಬ ತಳಿಯನ್ನು 1993ರಲ್ಲಿ ಅಲ್ಲಿನ ಕೃಷಿ ಇಲಾಖೆ ‘ಡಿ 197’ ಎಂಬ ಸಂಖ್ಯೆಯಲ್ಲಿ ನೋಂದಾಯಿಸಿತು. ಗಾಢ ಹಳದಿಯ ಬೆಣ್ಣೆಯಂತಹ ತಿರುಳು, ಸಿಹಿಯ ಬೆನ್ನಿಗೆ ಬರುವ ತೆಳುವಾದ ಕಹಿ, ಕಾಯಿಯ ಬುಡದಲ್ಲಿ ನಕ್ಷತ್ರದಂತಹ ಗುರುತು: ಕೊಳ್ಳುವವನು ಇದನ್ನೆಲ್ಲ ಬಲ್ಲ. ಮಾರುವವನು ‘ಸಿಹಿ ಬೇಕೋ, ಕಹಿ ಬೇಕೋ’ ಎಂದು ಮೊದಲು ಕೇಳುತ್ತಾನೆ. 2017ರಲ್ಲಿ ಸಿಂಗಪುರದ ವಿಜ್ಞಾನಿಗಳು ಡುರಿಯನ್ನಿನ ಜೀನೋಮನ್ನು ಓದಿದಾಗ ಅವರು ಆರಿಸಿಕೊಂಡದ್ದು ಯಾವುದೋ ಒಂದು ಡುರಿಯನ್ ಅಲ್ಲ, ಮುಸಾಂಗ್ ಕಿಂಗ್.

ನಮ್ಮ ಮಕ್ಕಳು ಯೂಟ್ಯೂಬ್ ನೋಡಿ ಮುಸಾಂಗ್ ಕಿಂಗ್ ಎಂಬ ಹೆಸರನ್ನು ಕಲಿತಿದ್ದಾರೆ. ಅದೇ ಮಕ್ಕಳನ್ನು, ಅಷ್ಟೇಕೆ ಅವರ ತಂದೆತಾಯಿಗಳನ್ನು, ಕರ್ನಾಟಕದ ಒಂದು ಹಲಸಿನ ತಳಿಯ ಹೆಸರು ಹೇಳಿ ಎಂದು ಕೇಳಿದರೆ ಮೌನವೇ ಉತ್ತರ. ದೋಹಾದ ಅಂಗಡಿಗಳಲ್ಲಿ ಈ ಹಣ್ಣು ‘ಜಾಕ್‌ಫ್ರೂಟ್, ಇಂಡಿಯಾ’ ಎಂಬ ಎರಡೇ ಪದಗಳ ಚೀಟಿಯೊಡನೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರುತ್ತದೆ. ಆ ಮೊದಲ ಪದವೂ ಮಲಯಾಳದ ‘ಚಕ್ಕ’ ಪೋರ್ಚುಗೀಸರ ಬಾಯಲ್ಲಿ ‘ಜಾಕ’ವಾಗಿ ಇಂಗ್ಲಿಷಿಗೆ ಹೋದದ್ದು. ಅಂದರೆ ನಮ್ಮ ಕರಾವಳಿಯಿಂದ ಹೊರಟ ಹಣ್ಣಿನ ಹೆಸರು ಲೋಕ ಸುತ್ತಿ ಬಂದಿದೆ. ತಳಿಯ ಹೆಸರು ಮಾತ್ರ ಊರಿನ ಗಡಿಯನ್ನೇ ದಾಟಿಲ್ಲ.

ಹೆಸರೇ ಇಲ್ಲವೆಂದಲ್ಲ. ದಕ್ಷಿಣ ಕನ್ನಡದಲ್ಲಿ ಬೆಳೆದ ನಮಗೆ ಬಾಲ್ಯದಲ್ಲಿ ‘ಹಲಸು’ ಎಂಬ ಒಂದೇ ಹಣ್ಣು ಇರಲಿಲ್ಲ. ಮೊದಲು ಬಕ್ಕೆಯೋ ತುಳುವವೋ ಎಂಬ ವಿಭಾಗ. ಬಕ್ಕೆಯ ತೊಳೆ ಗಟ್ಟಿ, ಬೆರಳಿನಿಂದ ಬಿಡಿಸಿದರೆ ಆಕಾರ ಕೆಡದೆ ಬರುತ್ತದೆ, ಹಲ್ಲಿಗೆ ಸಿಕ್ಕಾಗ ಕರಕರ ಸದ್ದು ಮಾಡುತ್ತದೆ. ತುಳುವವನ್ನು ಬಯಲುಸೀಮೆಯವರು ಅಂಬಲಿ ಎನ್ನುತ್ತಾರೆ, ಮಲೆನಾಡಿನವರು ಬಿಳುವ ಎನ್ನುತ್ತಾರೆ. ಅದು ಹಣ್ಣಾದಾಗ ಕತ್ತಿ ಬೇಡ, ಕೈಯಲ್ಲೇ ಬಿರಿಯುತ್ತದೆ, ತೊಳೆ ಗಂಟಲಿಗೆ ಜಾರುತ್ತದೆ. ಕೇರಳದವರ ವರಿಕ್ಕ ಮತ್ತು ಕೂಳ, ಕೊಂಕಣಿಗರ ಕಾಪಾ ಮತ್ತು ರಸಾಳ ಇದೇ ವಿಭಾಗದ ಬೇರೆ ಹೆಸರುಗಳು. ಕಡುಬಿಗೆ, ಗಟ್ಟಿಗೆ, ಮುಳುಕಕ್ಕೆ ರಸಭರಿತ ತುಳುವ ಒಳ್ಳೆಯದು. ಹಾಗೆಯೇ ತಿನ್ನಲು ಬಕ್ಕೆ. ಹಪ್ಪಳಕ್ಕೆ ಬಲಿತ ಕಾಯಿ ಬೇಕು, ಅದೂ ಎಲ್ಲ ಮರದ್ದೂ ಆಗದು. ಉಪ್ಪುಸೊಳೆಗೆ ಯಾವ ಮರದ ಕಾಯನ್ನು ಕೊಯ್ಯಬೇಕೆಂಬುದನ್ನು ಅಜ್ಜಿಯೇ ನಿರ್ಧರಿಸುತ್ತಿದ್ದರು.

ಈ ವಿಭಾಗದ ಒಳಗೆ ಮರದ ಹೆಸರು ಬರುತ್ತಿತ್ತು. ಕೊಟ್ಟಿಗೆಯ ಬಳಿಯ ಬಕ್ಕೆ ಎಂದರೆ ತೆಳು ಹಳದಿ, ಸಿಹಿ ಕಡಿಮೆ, ಆದರೆ ಮೇಣವೂ ಕಡಿಮೆ. ತೋಡಿನ ಬದಿಯ ಮರದ್ದು ಮಳೆ ಬಿದ್ದ ಮೇಲೆ ಸಪ್ಪೆ. ಮಳೆಗೆ ಮುನ್ನ ಇಳಿಸಿದರೆ ಜೇನು. ಗುಡ್ಡದ ಮೇಲಿನ ಒಂದು ಮರದ ಹಣ್ಣು ಮನೆಯೊಳಗೆ ಇಟ್ಟರೆ ಮೂರನೆಯ ದಿನ ಅಂಗಳದವರೆಗೆ ಪರಿಮಳ ಬರುತ್ತಿತ್ತು. ಬಯಲುಸೀಮೆಯಲ್ಲಿ ಕೆಂಪು ತೊಳೆಯದನ್ನು ಚಂದ್ರ ಹಲಸು ಎಂದೂ, ಪುಟ್ಟ ದುಂಡು ಕಾಯಿಯದನ್ನು ರುದ್ರಾಕ್ಷಿ ಎಂದೂ ಕರೆಯುತ್ತಾರೆ. ಇವೆಲ್ಲ ಕವಿಗಳು ಇಟ್ಟ ಹೆಸರುಗಳಲ್ಲ. ಏಣಿ ಹಿಡಿದು ಮರ ಹತ್ತುವವನಿಗೆ ಯಾವ ಮರ ಹತ್ತಬೇಕೆಂದು ಹೇಳಲು ಹುಟ್ಟಿದ ಹೆಸರುಗಳು. ಗುಬ್ಬಿಯ ಆ ಹಿರಿಯರು ದೋಹಾದ ಸಭಾಂಗಣದಲ್ಲಿ ಕೇಳಿದ್ದು ಈ ಭಾಷೆಯಲ್ಲಿ.

ಮರದ ಹೆಸರು ಹಳ್ಳಿಯವರ ಅಭ್ಯಾಸವಷ್ಟೇ ಅಲ್ಲ, ಅದರ ಹಿಂದೆ ಜೀವಶಾಸ್ತ್ರವಿದೆ. ಹಲಸು ಪರಾಗಸ್ಪರ್ಶಕ್ಕೆ ಇನ್ನೊಂದು ಮರವನ್ನು ನಂಬುವ ಸಸ್ಯ. ಅತ್ಯುತ್ತಮ ಹಣ್ಣಿನ ಬೀಜವನ್ನು ನೆಟ್ಟರೂ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಬೀಜದಿಂದ ಎದ್ದ ಪ್ರತಿಯೊಂದು ಮರವೂ ತನ್ನಷ್ಟಕ್ಕೆ ಒಂದು ತಳಿ. ಆ ರುಚಿಯನ್ನು ಮತ್ತೆ ಪಡೆಯಲು ಇರುವ ದಾರಿ ಕಸಿ ಕಟ್ಟುವುದು. ಕಸಿ ಕಟ್ಟಬೇಕೆಂದರೆ ಈ ಮರ ಬೇರೆ, ಆ ಮರ ಬೇರೆ ಎಂದು ಯಾರಾದರೂ ಗುರುತಿಸಿರಬೇಕು. ಗುರುತಿಸಿದ್ದನ್ನು ಹೆಸರಿಟ್ಟು ಹೇಳಬೇಕು. ಹೆಸರಿಲ್ಲದ ಮರ ಕಡಿದು ಬಿದ್ದ ದಿನ ಆ ರುಚಿ ಲೋಕದಿಂದ ಹೊರಟುಹೋಗುತ್ತದೆ. ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಪೇಟೆಯಲ್ಲಿ ‘ಹಲಸು’ ಸಿಗುತ್ತಲೇ ಇರುತ್ತದೆ.

ಇದಕ್ಕೆ ಪ್ರತಿಯಾಗಿ ಬಾಳೆಯ ಉದಾಹರಣೆ ನೋಡಿ. ನಂಜನಗೂಡು ರಸಬಾಳೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ಅಳಿವಿನ ಅಂಚಿಗೆ ಬಂದಿತು. ಆದರೆ ಅದಕ್ಕೆ ಹೆಸರಿತ್ತು. ಹೆಸರಿದ್ದುದರಿಂದ ಅದು ಪೇಟೆಯಲ್ಲಿ ಕಾಣದಾದಾಗ ಜನ ಕೇಳಿದರು, ಪತ್ರಿಕೆಗಳು ಬರೆದವು, ವಿಜ್ಞಾನಿಗಳು ರೋಗವಿಲ್ಲದ ಸಸಿಗಾಗಿ ದುಡಿದರು, ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ‘ಬಾಳೆಹಣ್ಣು’ ಎಂಬ ಒಂದೇ ಪದ ನಮ್ಮಲ್ಲಿದ್ದಿದ್ದರೆ ರಸಬಾಳೆಯ ಕೊರತೆಯನ್ನು ಹೇಳಲು ಮಾತೇ ಇರುತ್ತಿರಲಿಲ್ಲ. ಮಾವಿನಲ್ಲೂ ಹಾಗೆಯೇ. 2024ರಲ್ಲಿ ಸೂಕ್ ವಾಕಿಫ್‌ನಲ್ಲಿ ಭಾರತೀಯ ಮಾವಿನ ಮೇಳ ನಡೆದಾಗ ನಮ್ಮವರು ಅಲ್ಲಿ ‘ಮಾವು’ ಹುಡುಕಲಿಲ್ಲ. ಬಾದಾಮಿ ಇದೆಯೇ, ಮಲ್ಲಿಕಾ ಬಂದಿದೆಯೇ ಎಂದು ಹುಡುಕಿದರು. ಮಾವಿಗೆ ಸಲ್ಲುವ ಈ ಮರ್ಯಾದೆ ಹಲಸಿಗೇಕೆ ಸಲ್ಲಬಾರದು?

ಸಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ತುಮಕೂರು ಜಿಲ್ಲೆಯೇ ಸಾಕ್ಷಿ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್.ಕೆ. ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಹಲಸಿನ ಮರವಿತ್ತು. ಹಣ್ಣನ್ನು ಬಂಧುಬಳಗಕ್ಕೆ ಹಂಚುತ್ತಿದ್ದ ಆ ಮನೆಯ ಮರದ ಗುಣವನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅಳೆದು ನೋಡಿದರು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವದು. 2017ರಲ್ಲಿ ಸಂಸ್ಥೆ ಮತ್ತು ಸಿದ್ದಪ್ಪನವರ ಮಗ ಎಸ್.ಎಸ್. ಪರಮೇಶ ಅವರ ನಡುವೆ ಒಪ್ಪಂದವಾಯಿತು. ತಂದೆಯ ಹೆಸರಿನಿಂದ ಮರಕ್ಕೆ ‘ಸಿದ್ದು’ ಎಂದು ಹೆಸರಾಯಿತು. ಕಸಿ ಸಸಿಗಳ ಮಾರಾಟದ ಆದಾಯದಲ್ಲಿ ಬಹುಪಾಲು ಮರ ಕಾಪಾಡಿದ ಮನೆಗೆ ಸಲ್ಲುವಂತೆ ಏರ್ಪಾಡಾಯಿತು. ಕೆಲವೇ ವರ್ಷಗಳಲ್ಲಿ ಅದೇ ತಾಲ್ಲೂಕಿನ ‘ಶಂಕರ’ ಎಂಬ ಇನ್ನೊಂದು ಹಲಸಿಗೂ ಇಂಥದೇ ಮನ್ನಣೆ ಬಂದಿತು.

ಸಿದ್ದುವಿನ ಸ್ವಭಾವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಹಲಸು ಹತ್ತು ಹದಿನೈದು ಕಿಲೋ ತೂಗಿದರೆ ಸಿದ್ದುವಿನ ಸರಾಸರಿ ತೂಕ ಸುಮಾರು ಎರಡೂವರೆ ಕಿಲೋ. ಒಂದು ಹಣ್ಣಿನಲ್ಲಿ 25ರಿಂದ 30 ತೊಳೆ. ತೊಳೆಯ ಬಣ್ಣ ತಾಮ್ರದ ಕೆಂಪು. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಹಳದಿ ಹಲಸಿಗಿಂತ ಇದರಲ್ಲಿ ಹೆಚ್ಚು. ಎರಡು ವರ್ಷಗಳ ಹಿಂದೆ ರಜೆಯಲ್ಲಿ ತುಮಕೂರಿನ ಬಂಧುಗಳ ಮನೆಯಲ್ಲಿ ನಾವು ಅದನ್ನು ತಿಂದೆವು. ಮೊದಲು ಗಮನಕ್ಕೆ ಬಂದದ್ದು ಸಿಹಿಯಲ್ಲ, ಹಲ್ಲಿಗೆ ಸಿಗುವ ಬಿಗಿ. ತೆಳುವಾದ ತೊಳೆ ಮುರಿಯುತ್ತದೆಯೇ ಹೊರತು ಹಿಂಜುವುದಿಲ್ಲ. ಆಮೇಲೆ ಸಿಹಿ ಬರುತ್ತದೆ, ಆದರೆ ಅತಿಯಾಗಿ ಮಾಗಿದ ಹಲಸಿನ ತಲೆ ಹಿಡಿಯುವ ಘಾಟು ಇರುವುದಿಲ್ಲ. ಕೆಂಪು ಬಣ್ಣ ಕಂಡು ನಾವು ನಿರೀಕ್ಷಿಸಿದ ಹುಳಿಯೂ ಇರಲಿಲ್ಲ. ನುಂಗಿದ ಮೇಲೆ ಬಾಯಲ್ಲಿ ಉಳಿದದ್ದು ಹಳೆಯ ಬೆಲ್ಲದಂತಹ ಒಂದು ನೆನಪು. ಅದು ನಮ್ಮ ಊರಿನ ಯಾವ ಬಕ್ಕೆಯಂತೆಯೂ ಇರಲಿಲ್ಲ. ಹಾಗಿರಬೇಕಾದುದೂ ಇಲ್ಲ.

ಹಲಸಿನ ಪರಿಮಳಕ್ಕೆ ಕಾರಣ ಎಸ್ಟರ್ ಎಂಬ ಬಗೆಯ ಸಂಯುಕ್ತಗಳು. ಬಾಳೆ ಅನಾನಸುಗಳ ಸುಗಂಧವೂ ಇದೇ ವರ್ಗದ್ದು. ಡುರಿಯನ್ನಿನ ಘಾಟಿಗೆ ಕಾರಣ ಗಂಧಕದ ಸಂಯುಕ್ತಗಳು. ಎರಡನ್ನೂ ‘ವಾಸನೆಯ ಹಣ್ಣು’ ಎಂದು ಒಂದೇ ಬುಟ್ಟಿಗೆ ಹಾಕುವುದು ಮಲ್ಲಿಗೆಯನ್ನೂ ಇಂಗನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಂತೆ. ಆದರೂ ದೋಹಾದ ಫ್ಲ್ಯಾಟುಗಳಲ್ಲಿ ನಮ್ಮವರೇ ಹಲಸನ್ನು ಮನೆಗೆ ತರಲು ಅಂಜುತ್ತಾರೆ. ನೆರೆಯವರು ಏನೆನ್ನುವರೋ, ಲಿಫ್ಟಿನಲ್ಲಿ ಯಾರು ಮೂಗು ಮುಚ್ಚುವರೋ ಎಂಬ ಸಂಕೋಚ. ಗಂಧಕದ ಘಾಟಿನ ಹಣ್ಣನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಜನ ಒಂದು ಕಡೆ. ಪರಿಮಳದ ಹಣ್ಣನ್ನು ಮೂರು ಪ್ಲಾಸ್ಟಿಕ್ ಚೀಲದೊಳಗೆ ಅಡಗಿಸಿ ತರುವ ನಾವು ಇನ್ನೊಂದು ಕಡೆ.

ಇನ್ನು ನಮ್ಮ ವೃತ್ತಿಗೆ ಸಂಬಂಧಿಸಿದ ಮಾತು. ಹಲಸಿನ ರುಚಿಯನ್ನು ಮರೆತ ಪೇಟೆ ಅದನ್ನು ಎರಡು ಬೇರೆ ವೇಷಗಳಲ್ಲಿ ಮಾರುತ್ತಿದೆ. ಒಂದು, ಮಾಂಸದ ಬದಲಿ. ಎಳೆಯ ಕಾಯಿಗೆ ತನ್ನದೇ ಆದ ರುಚಿ ಹೆಚ್ಚಿಲ್ಲ, ಯಾವ ಮಸಾಲೆಯನ್ನಾದರೂ ಹೀರಿಕೊಳ್ಳುತ್ತದೆ ಎಂಬುದೇ ಅಲ್ಲಿ ಹೊಗಳಿಕೆ. ರುಚಿಯಿಲ್ಲ ಎಂಬುದಕ್ಕಾಗಿ ಹೊಗಳಿಸಿಕೊಳ್ಳುವ ಹಣ್ಣಿಗೆ ತಳಿಯ ಹೆಸರು ಏಕೆ ಬೇಕು? ಎರಡು, ಔಷಧ. ಹಲಸಿನ ಹಿಟ್ಟು ತಿಂದರೆ ಸಕ್ಕರೆ ಕಾಯಿಲೆ ಮಾಯ ಎಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೆ ಹತ್ತು ಸಲವಾದರೂ ಸುತ್ತುತ್ತದೆ. ಶುಕ್ರವಾರದ ಆರೋಗ್ಯ ತಪಾಸಣೆಯ ಶಿಬಿರವೊಂದರಲ್ಲಿ ಚಾಲಕರೊಬ್ಬರು ಹೆಮ್ಮೆಯಿಂದ ಹೇಳಿದರು: “ಡಾಕ್ಟ್ರೇ, ಮಾತ್ರೆ ನಿಲ್ಲಿಸಿದ್ದೇನೆ, ಹಲಸು ತಿನ್ನುತ್ತಿದ್ದೇನೆ.” ಅವರು ತಿನ್ನುತ್ತಿದ್ದದ್ದು ಹಿಟ್ಟನ್ನಲ್ಲ, ಹಣ್ಣನ್ನು. ರಕ್ತದ ಸಕ್ಕರೆ ನಮ್ಮ ಸಣ್ಣ ಯಂತ್ರದಲ್ಲಿ ನಾಲ್ಕುನೂರು ದಾಟಿತ್ತು. ಅಂದೇ ಅವರನ್ನು ಆಸ್ಪತ್ರೆಗೆ ಕಳುಹಿಸಬೇಕಾಯಿತು.

ಆ ಸಂದೇಶದ ಮೂಲದಲ್ಲಿ ಒಂದು ಅಧ್ಯಯನವಿರುವುದು ನಿಜ. 2021ರಲ್ಲಿ ಪ್ರಕಟವಾದ ಅದರಲ್ಲಿ ಆಂಧ್ರಪ್ರದೇಶದ 40 ಮಧುಮೇಹಿಗಳು 12 ವಾರ ಭಾಗವಹಿಸಿದ್ದರು; ಒಂದು ಗುಂಪು ದಿನಕ್ಕೆ 30 ಗ್ರಾಂ ಹಲಸಿನ ಕಾಯಿಯ ಹಿಟ್ಟನ್ನು ಅಕ್ಕಿ ಅಥವಾ ಗೋಧಿಯ ಬದಲಿಗೆ ಬಳಸಿತು. ಆ ಗುಂಪಿನ ಸಕ್ಕರೆಯ ಹತೋಟಿ ಉತ್ತಮಗೊಂಡಿತು. ಗಮನಿಸಿ: ಕಾಯಿ, ಹಣ್ಣಲ್ಲ, ಅನ್ನದ ಬದಲಿಗೆ, ಮಾತ್ರೆಯ ಬದಲಿಗಲ್ಲ, 40 ಜನ, ನಾಡಿನ ಎಲ್ಲರೂ ಅಲ್ಲ. ಮಾಗಿದ ಹಲಸಿನ 100 ಗ್ರಾಂ ತಿರುಳಿನಲ್ಲಿ ಸುಮಾರು 23 ಗ್ರಾಂ ಶರ್ಕರಪಿಷ್ಟವಿದೆ. ಅದರಲ್ಲಿ ಬಹುಪಾಲು ಸಕ್ಕರೆಯೇ. ಮೂರು ನಾಲ್ಕು ತೊಳೆ ತಿಂದರೆ ಒಂದೂವರೆ ಚಪಾತಿ ತಿಂದಂತೆ. ಪೊಟ್ಯಾಸಿಯಂ ಕೂಡ ಬಾಳೆಹಣ್ಣಿಗಿಂತ ಕಡಿಮೆಯಿಲ್ಲ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು.

ಇಲ್ಲಿಯೂ ತಳಿಯ ಹೆಸರು ಮುಖ್ಯವಾಗುತ್ತದೆ. ಹಣ್ಣಿನ ರಸದಲ್ಲಿ ಕರಗಿರುವ, ಬಹುಪಾಲು ಸಕ್ಕರೆಯೇ ಆದ ಅಂಶವನ್ನು ಅಳೆಯುವ ಮಾನಕ್ಕೆ ಬ್ರಿಕ್ಸ್ ಎನ್ನುತ್ತಾರೆ. ಸಿದ್ದುವಿನಲ್ಲಿ ಅದು ಸುಮಾರು 31. ಸಪ್ಪೆ ಬಕ್ಕೆಯೊಂದರ ನಾಲ್ಕು ತೊಳೆಗೂ ಸಿದ್ದುವಿನ ನಾಲ್ಕು ತೊಳೆಗೂ ರಕ್ತದಲ್ಲಿ ಬೇರೆ ಲೆಕ್ಕ. ಯಾವ ಗುಣಕ್ಕಾಗಿ ನಾವು ಸಿದ್ದುವನ್ನು ಮೆಚ್ಚುತ್ತೇವೆಯೋ ಅದೇ ಗುಣಕ್ಕಾಗಿ ಮಧುಮೇಹಿಗಳು ಅದನ್ನು ಎಣಿಸಿ ತಿನ್ನಬೇಕು. ‘ಹಲಸು ಒಳ್ಳೆಯದು’, ‘ಹಲಸು ಕೆಟ್ಟದು’ ಎಂಬ ಎರಡೂ ಮಾತುಗಳು ಸೋಮಾರಿ ಮಾತುಗಳು. ‘ಹಸಿದು ಹಲಸು, ಉಂಡು ಮಾವು’ ಎಂದ ಹಿರಿಯರು ನಮಗಿಂತ ನಿಖರವಾಗಿದ್ದರು: ಹಲಸನ್ನು ಊಟದ ಮೇಲೆ ಹೇರಬೇಡ, ಅದನ್ನೇ ಊಟದ ಜಾಗದಲ್ಲಿ ಇಡು ಎಂಬುದು ಅದರ ಅರ್ಥ. ಔಷಧವೆಂದು ಅವರು ಹೇಳಲಿಲ್ಲ. ಹಲಸನ್ನು ತಿನ್ನಬೇಕಾದುದು ರುಚಿಗಾಗಿ, ಅಳತೆಯಲ್ಲಿ, ಯಾವುದೆಂದು ತಿಳಿದು. ವೈದ್ಯರಾಗಿ ನಮ್ಮ ಸಲಹೆ ಇಷ್ಟೇ.

ನಮ್ಮ ವಾದಕ್ಕೆ ಆಕ್ಷೇಪಗಳಿವೆ. ‘ಹಲಸು ಬಡವರ ಹಣ್ಣು, ಹೆಸರಿಟ್ಟರೆ ಬೆಲೆ ಏರಿ ಮುಸಾಂಗ್ ಕಿಂಗ್‌ನಂತೆ ಸಿರಿವಂತರ ಪಾಲಾಗುತ್ತದೆ’ ಎನ್ನುವವರಿದ್ದಾರೆ. ಬಡವರ ಹಣ್ಣು ಎಂದು ಹೊಗಳಿದ ನಾವು ಬಡವನ ಮರಕ್ಕೆ ಏನು ಕೊಟ್ಟಿದ್ದೇವೆ? ಹಣ್ಣು ಮರದ ಬುಡದಲ್ಲಿ ಕೊಳೆಯುತ್ತದೆ, ಮರದ ದಿಮ್ಮಿಗೆ ಮಾತ್ರ ಬೆಲೆ ಬರುತ್ತದೆ. ಹಣ್ಣಿಗೆ ಬೆಲೆಯಿಲ್ಲದ, ಹಲಗೆಗೆ ಬೆಲೆಯಿರುವ ಮರ ಎಷ್ಟು ವರ್ಷ ನಿಂತೀತು? ಎರಡನೆಯ ಆಕ್ಷೇಪ, ‘ಹೆಸರೆಂಬುದು ವ್ಯಾಪಾರದ ತಂತ್ರ, ರುಚಿ ನಾಲಗೆಯ ಭ್ರಮೆ’ ಎಂಬುದು. ಹಾಗೆನ್ನುವವರು ತಮ್ಮ ಫಿಲ್ಟರ್ ಕಾಫಿಯ ಪುಡಿಯನ್ನು ಯಾವ ಅಂಗಡಿಯಿಂದ, ಎಷ್ಟು ಚಿಕೋರಿ ಬೆರೆಸಿ ತರಿಸುತ್ತಾರೆಂದು ಕೇಳಿ. ಅಲ್ಲಿ ಭ್ರಮೆಯ ಮಾತು ಬರುವುದಿಲ್ಲ.

ಮೂರನೆಯ ಆಕ್ಷೇಪ ಗಂಭೀರವಾದುದು. ಅದನ್ನು ಅರ್ಧದಷ್ಟು ನಾವೂ ಒಪ್ಪುತ್ತೇವೆ. ಸಿದ್ದು ಪ್ರಸಿದ್ಧವಾದರೆ ಎಲ್ಲರೂ ಸಿದ್ದುವನ್ನೇ ನೆಡುತ್ತಾರೆ, ಹೆಸರಿಲ್ಲದ ಸಾವಿರ ಮರಗಳು ಇನ್ನೂ ಬೇಗ ಉರುಳುತ್ತವೆ, ತೋಟಗಳೆಲ್ಲ ಒಂದೇ ತಳಿಯಾಗಿ ಒಂದು ರೋಗಕ್ಕೆ ಬಲಿಯಾಗುತ್ತವೆ ಎಂಬುದು ಆ ಆಕ್ಷೇಪ. ಈ ಅಪಾಯ ನಿಜ. ಆದರೆ ಇದಕ್ಕೆ ಪರಿಹಾರ ಹೆಸರನ್ನು ಅಳಿಸುವುದಲ್ಲ, ಹೆಸರುಗಳನ್ನು ಹೆಚ್ಚಿಸುವುದು. ಖರ್ಜೂರದ ಮೇಳದಲ್ಲಿ ಖಲಾಸ್‌ನ ಪಕ್ಕದಲ್ಲಿ ಖನೈಜಿಗೂ ಜಾಗವಿದೆ. ಸಿದ್ದುವಿನ ಪಕ್ಕದಲ್ಲಿ ಶಂಕರ ಬರಲಿ, ದೊಡ್ಡಬಳ್ಳಾಪುರದ ತೂಬಗೆರೆಯ ಮರಗಳು ಬರಲಿ, ಸಖರಾಯಪಟ್ಟಣದ ಹಲಸು ಬರಲಿ, ಕರಾವಳಿಯ ತುಳುವವೂ ಬರಲಿ. ಪುತ್ತೂರಿನ ಅಡಿಕೆ ಪತ್ರಿಕೆ ಮತ್ತು ಕಾಸರಗೋಡು ಗಡಿಯ ಶ್ರೀ ಪಡ್ರೆಯವರು ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದದ್ದರ ಸಾರವೂ ನಮಗೆ ಹೀಗೆಯೇ ಅರ್ಥವಾಗಿದೆ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಅದು ಒಳ್ಳೆಯ ಕೆಲಸ. ಆದರೆ ಹಣ್ಣಿಗೆ ಪಟ್ಟ ಕಟ್ಟಿದರೆ ಸಾಲದು, ಮರಗಳ ಪಟ್ಟಿಯೂ ಬೇಕು.

ಈಗ ಗುಬ್ಬಿಯ ಆ ಹಿರಿಯರ ಬಳಿಗೆ ಮರಳುತ್ತೇವೆ. ನಕ್ಕದ್ದಕ್ಕೆ ನಾಚಿ ಅಂದು ಸಂಜೆ ನಾವು ಅವರ ಪಕ್ಕದಲ್ಲಿ ಕುಳಿತು ಮಾತನಾಡಿಸಿದೆವು. ಅವರ ಹೊಲದ ಬದುವಿನಲ್ಲಿ, ಬಣವೆಯ ಬಳಿ, ಒಂದು ಹಲಸಿನ ಮರವಿತ್ತು. ಮನೆಯವರು ಅದನ್ನು ಬಣವೆ ಮರ ಎನ್ನುತ್ತಿದ್ದರು. ತೊಳೆ ಕೆಂಪು, ತಿಂದವರು ಮತ್ತೆ ಕೇಳುತ್ತಿದ್ದರು. ಹದಿನೆಂಟು ವರ್ಷಗಳ ಹಿಂದೆ ಕೊಲ್ಲಿಗೆ ಬರಲು ಏಜೆಂಟನೊಬ್ಬನಿಗೆ ಕೊಡಬೇಕಾದ ಹಣದಲ್ಲಿ ಕೊನೆಯ ಕೆಲವು ಸಾವಿರ ಕಡಿಮೆ ಬಿದ್ದಾಗ ಆ ಮರವನ್ನು ದಿಮ್ಮಿಯ ವ್ಯಾಪಾರಿಗೆ ಕೊಟ್ಟರು. “ಆ ಮರದ ಮೇಲೆ ಕೂತ್ಕೊಂಡೇ ಇಲ್ಲಿಗೆ ಬಂದೆ ಸಾರ್” ಎಂದರು. ಸಿದ್ದುವಿನ ಸುದ್ದಿಯನ್ನು ಅವರು ಫೋನಿನಲ್ಲಿ ಓದಿದ್ದರು. “ನಮ್ದೂ ಹಂಗೇ ಇತ್ತು, ಯಾರೂ ಬಂದು ನೋಡ್ಲಿಲ್ಲ.” ಆ ಮರ ಸಿದ್ದುವಿಗೆ ಸಮನಾಗಿತ್ತೋ ಇಲ್ಲವೋ ಇನ್ನು ಯಾರೂ ಹೇಳಲಾರರು. ಅವರು ಪ್ರತಿ ಹಲಸಿನ ತೊಳೆಯನ್ನೂ ಬಾಯಿಗಿಟ್ಟು ಯಾವ ಮರದ್ದೆಂದು ಕೇಳುವುದು ಏಕೆಂದು ನಮಗೆ ಆಗ ಅರ್ಥವಾಯಿತು.

ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಊರಿನಲ್ಲಿ ಹಲಸು ಮಾಗುವ ತಿಂಗಳುಗಳೂ ಇವುಗಳೊಡನೆ ಕೂಡಿಕೊಳ್ಳುತ್ತವೆ. ಆ ಬಿಡುವಿನ ಮಧ್ಯಾಹ್ನಗಳಲ್ಲಿ ವಸತಿಗೃಹಗಳಲ್ಲಿ ಮಲಗಿ ಊರಿನ ಮರಗಳನ್ನು ನೆನೆಯುವ ನೂರಾರು ಕನ್ನಡಿಗರು ನಮ್ಮ ನಡುವೆ ಇದ್ದಾರೆ. ತಳಿಯ ಜ್ಞಾನ ಅವರ ನಾಲಗೆಯಲ್ಲಿದೆ. ಪದವಿ ಪಡೆದ ನಾವು ಅವರ ಪ್ರಶ್ನೆಗೆ ನಕ್ಕರೆ ಆ ಜ್ಞಾನ ಅಲ್ಲಿಯೇ ಬತ್ತುತ್ತದೆ.

ಆದ್ದರಿಂದ ನಮ್ಮ ಸಂಘದ ಮುಂದೆ, ಓದುಗರ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತೇವೆ. ಮುಂದಿನ ಬೇಸಿಗೆಯ ಕೂಟದಲ್ಲಿ ‘ಊರಿನ ಹಲಸು’ ಎಂಬ ಚೀಟಿ ಬೇಡ. ಬಕ್ಕೆಯೋ ಅಂಬಲಿಯೋ, ಯಾವ ತಾಲ್ಲೂಕಿನದು, ತಿಳಿದಿದ್ದರೆ ಯಾವ ತಳಿ ಎಂದು ಬರೆಯೋಣ. ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯೋಣ. ಆ ಪದ ನೋಡಿದವರಿಗಾದರೂ ನಾಚಿಕೆಯಾಗಲಿ. ಅಂಗಡಿಯಲ್ಲಿ ಹಲಸು ಕೊಳ್ಳುವಾಗ ತಳಿಯನ್ನು ಕೇಳೋಣ. ಒಬ್ಬರು ಕೇಳಿದರೆ ಅಂಗಡಿಯವರು ನಗುತ್ತಾರೆ, ಐವತ್ತು ಜನ ಕೇಳಿದರೆ ತರಿಸುವವರಿಗೆ ಬರೆಯುತ್ತಾರೆ. ಎರಡೂವರೆ ಕಿಲೋದ ಹಣ್ಣು ನಾಲ್ಕು ಜನರ ಫ್ಲ್ಯಾಟಿಗೆ ಹೇಳಿ ಮಾಡಿಸಿದಂತಿದೆ ಎಂಬುದನ್ನು ಆಮದು ಮಾಡುವ ನಮ್ಮವರೂ ಯೋಚಿಸಲಿ. ಹಲಸು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳುಹಿಸದೆ ಅಳಿಸೋಣ.

ಎಲ್ಲಕ್ಕಿಂತ ಮುಖ್ಯವಾದುದು ಕೊನೆಯ ಕೋರಿಕೆ. ರಜೆಗೆ ಊರಿಗೆ ಹೋದಾಗ ಮನೆಯ ಹಲಸಿನ ಮರವನ್ನು ನೋಡಿ ಬನ್ನಿ. ಹಣ್ಣನ್ನು ತಿಂದು, ತೂಕ, ತೊಳೆಯ ಬಣ್ಣ, ಮಾಗುವ ತಿಂಗಳು, ಮೇಣ ಎಷ್ಟು, ಮಳೆಯಲ್ಲಿ ಸಪ್ಪೆಯಾಗುತ್ತದೆಯೋ ಇಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಾರೋ ಆ ಹೆಸರನ್ನು ಬರೆಯಿರಿ. ಚೆನ್ನಾಗಿದೆ ಎನಿಸಿದರೆ ಹತ್ತಿರದ ತೋಟಗಾರಿಕೆ ಇಲಾಖೆಗೆ ತಿಳಿಸಿ, ಕನಿಷ್ಠ ಎರಡು ಕಸಿ ಕಟ್ಟಿಸಿ. ರೈತನನ್ನೂ ತಳಿಯ ಒಡೆಯನೆಂದು ಒಪ್ಪುವ ಕಾನೂನು ನಮ್ಮ ದೇಶದಲ್ಲಿ 2001ರಿಂದ ಇದೆ. ಮರ ಕಡಿಯಲೇಬೇಕಾದ ಕಷ್ಟ ಯಾವ ಮನೆಗೂ ಬರಬಹುದು, ಅದನ್ನು ನಾವು ದೂರುವುದಿಲ್ಲ. ಕಡಿಯುವ ಮುನ್ನ ಒಂದು ಕಡ್ಡಿಯನ್ನು ಉಳಿಸಿ ಎಂದಷ್ಟೇ ಬೇಡುತ್ತೇವೆ. ಆ ಹಾಳೆಯನ್ನು ನಮ್ಮ ಸಂಘಕ್ಕೆ ಕಳುಹಿಸಿದರೆ ಇಲ್ಲಿಯೇ ಪ್ರಕಟಿಸುವ ಹೊಣೆ ನಮ್ಮದು. ಬಣವೆ ಮರದ ಹೆಸರನ್ನು ಆ ಪಟ್ಟಿಯಲ್ಲಿ ನಾವು ಮೊದಲು ಬರೆದಿದ್ದೇವೆ. ಎರಡನೆಯ ಸಾಲು ಖಾಲಿಯಿದೆ.